ಲ್ಯಾಪ್‌ಟಾಪಿಗೆ ನಾನು ಓದಿ ಹೇಳಿದ ಸಿನಿಮಾ

ಮಕ್ಕಳೇ, ನಾನು ಓದಿದ್ದು ದೇವಾಪುರದ ಸಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಮಂದಿಯ ಮುಂದೆ ನನಗೆ ಬಾಯಿಯೇ ಬರುವುದಿಲ್ಲ. ಆದರೆ ಬಾಗಿಲು ಮುಚ್ಚಿಕೊಂಡು ಒಬ್ಬಳೇ ಓದೆಂದರೆ ಒಂದಕ್ಷರ ತಪ್ಪದೆ ಓದುತ್ತೇನೆ. ಆದ್ದರಿಂದ ನಿಮ್ಮ ಅಕ್ಕ ಶಿಲ್ಪಾ ಆ ಕೆಲಸ ಹೇಳಿದಾಗ, ಇದರಲ್ಲಿ ಕೆಡುವುದೇನಿದೆ ಅಂದುಕೊಂಡೆ. ಎಲ್ಲವೂ ಕೆಟ್ಟಿತು!

ಶಿಲ್ಪಾ ಕಿರುಚಿತ್ರ ಸ್ಪರ್ಧೆಗೆ ಆರು ತಿಂಗಳು ಕೂತು ಒಂದು ಚಿತ್ರಕಥೆ ಬರೆದಿದ್ದಳು. ಅದನ್ನು ಅಂದು ಸಂಜೆ ಐದರೊಳಗೆ ಕಳಿಸಬೇಕು. ಕೊನೆಯ ದೃಶ್ಯ ಮಾತ್ರ ನೋಟ್‌ಬುಕ್ಕಿನಲ್ಲೇ ಉಳಿದಿತ್ತು. ಅವಳಿಗೋ ಅಂದೇ ಸುರಪುರದ ಕಾಲೇಜಿನಲ್ಲಿ ಪರೀಕ್ಷೆ. ಶಹಾಪುರದ ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟು ಹೇಳಿದಳು:

“ಆಯಿ, ಇವಕ್ಕ ಎಕ್ಸ್‌ಟೆನ್ಷನ್ ಅಂತಾರ. ಇಂಟರ್ನೆಟ್ ನೋಡೋ ಬ್ರೌಸರಿಗೆ ಮ್ಯಾಲಿಂದ ಹಾಕ್ಕೊಳ್ಳೋ ಸಣ್ಣ ಸಣ್ಣ ಸಲಕರಣಿ. ಸಿನಿಮಾ ಬರಿಯೋರಿಗೆ ಭಾಳ ಉಪಯೋಗ. ಈ ಚಂದ್ರನ ಚಿತ್ರ ಒತ್ತಿದ್ರ ಪುಟ ಕಪ್ಪಾಗ್ತದ, ಕಣ್ಣಿಗೆ ತಂಪು. ಈ ಮೈಕ್ ಒತ್ತಿ ನೀ ನೋಟ್‌ಬುಕ್ ಓದಿದ್ರ ಅದ ಬರಕೊಳ್ತದ. ಈ ಕಿವಿ ಒತ್ತಿದ್ರ ಬರ್ದಿದ್ದನ್ನ ಅದ ಓದಿ ಹೇಳ್ತದ. ಬ್ಯಾರೆ ಏನೂ ಮುಟ್ಟಬ್ಯಾಡ.”

ಅವಳು ಹೋದ ಮೇಲೆ ಮೊದಲು ಚಂದ್ರನನ್ನೇ ಮುಟ್ಟಿದೆ. ಪುಟ ಕಪ್ಪಾಯಿತು. ಕರೆಂಟ್ ಹೋಯಿತೆಂದು ಹೊರಗೆ ಹೋಗಿ ಮೀಟರ್ ನೋಡಿ ಬಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು!

ಆಮೇಲೆ ಮೈಕ್ ಒತ್ತಿ ನೋಟ್‌ಬುಕ್ ಬಿಚ್ಚಿದೆ. ಮೊದಲ ಸಾಲಿನಲ್ಲೇ ತಡೆದು ನಿಂತೆ. ನಾಯಕನಿಗೆ ಅವಳು ನಿಮ್ಮ ಮುತ್ಯಾನ ಹೆಸರಿಟ್ಟಿದ್ದಳು! ಪ್ರೀತಿಯಿಂದಲೇ ಇಟ್ಟಿರಬೇಕು. ಆದರೆ ಲಗ್ನವಾದಂದಿನಿಂದ ಗಂಡನ ಹೆಸರು ನನ್ನ ಬಾಯಲ್ಲಿ ಬಂದಿಲ್ಲ. ಅವರು ಹೋದ ಮೇಲೂ ಬಂದಿಲ್ಲ. ಯಂತ್ರದ ಮುಂದೆ ಹೇಗೆ ಬಂದೀತು? “ನಿಮ್ಮ ಮುತ್ಯಾ” ಎಂದು ಓದಿದೆ. ಯಂತ್ರ ಹಾಗೆಯೇ ಬರೆದುಕೊಂಡಿತು.

ತೊಡಕು ಅಲ್ಲಿಗೆ ನಿಲ್ಲಲಿಲ್ಲ. “ಓಡಿ ಬರುತ್ತಾನೆ” ಎಂದಿತ್ತು. ಅವರಿಗೆ ಏಕವಚನವೇ? “ಓಡಿ ಬರುತ್ತಾರೆ” ಎಂದೆ. ನಾಯಕಿ ಕೊರಳಪಟ್ಟಿ ಹಿಡಿದು “ಲೇ ಮೋಸಗಾರ!” ಎಂದು ಬೈಯಬೇಕಿತ್ತು. ಅದನ್ನಂತೂ ನನ್ನಿಂದ ಆಡಲಾಗಲಿಲ್ಲ. “ಯಾಕ್ರಿ, ತಡಾ ಆತಲ್ಲ, ಊಟ ಆತೇನ್ರಿ?” ಎಂದು ಅವಳ ಬಾಯಿಂದ ಕೇಳಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯ ರಜಿಯಾಬಿ ಹಾಲಿಗೆ ಹಾಕಲು ಹೆಪ್ಪು ಕೇಳಿಕೊಂಡು ಬಂದಳು.

“ಅಕ್ಕಾ, ಒಬ್ಬಾಕಿನೇ ಯಾರ ಜೋಡಿ ಮಾತಾಡಾಕತ್ತೀರಿ?”

“ಈ ಪೆಟ್ಟಿಗಿ ಜೋಡಿ. ಸಿನಿಮಾ ಬರ್ಯಾಕತ್ತೇನಿ.”

“ಯಾ ಅಲ್ಲಾ! ಯಾರ ಸಿನಿಮಾ?”

“ಶಿಲ್ಪಾನ ಮುತ್ಯಾಂದು.”

“ಅವರು ಇದ್ದಾಗ ಹೂಂ ಅನ್ನೋದು ಬಿಟ್ರ ಒಂದ ಮಾತು ಆಡ್ಲಿಲ್ಲ ನೀವು. ಈಗ ಪೆಟ್ಟಿಗಿ ಮುಂದ ಊಟ ಆತೇನ್ರಿ ಅಂತ ಕೇಳಾಕತ್ತೀರಿ! ಹೆಪ್ಪು ಕೊಡ್ರಿ, ಅಲ್ಲಿ ಹಾಲು ಆರಾಕತ್ತದ.”

ಹೆಪ್ಪು ಕೊಟ್ಟು ಬಂದು ನೋಡುತ್ತೇನೆ, ಯಂತ್ರ ಅಷ್ಟನ್ನೂ ಬರೆದುಕೊಂಡಿದೆ! ಎಷ್ಟು ಕೆಟ್ಟಿದೆ ಎಂದು ಕೇಳಿ ನೋಡಲು ಕಿವಿ ಒತ್ತಿದೆ. ಮೈಕ್ ಆರಿಸುವುದು ಯಾರಿಗೆ ನೆನಪು? ಯಂತ್ರ ತಾನೇ ಓದತೊಡಗಿತು. ಓದಿದ್ದನ್ನು ತಾನೇ ಕೇಳಿ ಬರೆಯತೊಡಗಿತು. ಬರೆದದ್ದನ್ನು ಮತ್ತೆ ಓದಿತು. ರಜಿಯಾಬಿ ಬಂದಳು, ಹೋದಳು, ಮತ್ತೆ ಬಂದಳು. “ಸಾಕು, ನಿಲ್ಲೋ ತಂದಿ!” ಎಂದು ಕೈಮುಗಿದೆ. ಸ್ವಲ್ಪ ಹೊತ್ತಿಗೆ ಯಂತ್ರ ನನಗೇ ಹೇಳಿತು: “ಸಾಕು, ನಿಲ್ಲೋ ತಂದಿ!”

ಮುಚ್ಚಳ ಮುಚ್ಚಿ, ಮೇಲೆ ಟವೆಲ್ ಹೊದಿಸಿ, ದೂರ ಕೂತೆ.

ನಾಲ್ಕೂವರೆಗೆ ಬಸ್ಸಿನಿಂದ ಶಿಲ್ಪಾಳ ಫೋನು. ನಾನು ಹೇಳಿ ಬರೆಸಿದ್ದೆಲ್ಲ ಅವಳ ಮೊಬೈಲಿನಲ್ಲೂ ಕಾಣುತ್ತದಂತೆ! ಅದು ನನಗೆ ಗೊತ್ತಿರಲಿಲ್ಲ.

“ಆಯಿ, ಎರಡು ಪುಟದ ಸೀನು ಹದಿನಾಲ್ಕು ಪುಟ ಹ್ಯಾಂಗಾತು? ನನ್ನ ಹೀರೊ ಯಾವಾಗ ಮುತ್ಯಾ ಆದ?”

“ನಿನ್ನ ಕಥಿ ಹಾಳ ಮಾಡೀನಿ, ಅವ್ವಾ.” ನನಗೆ ಅಳು ಬಂತು.

“ಅಳಬ್ಯಾಡ. ಇನ್ನ ಅರ್ಧ ತಾಸು ಅದ.”

ಕುಲುಕುವ ಬಸ್ಸಿನಲ್ಲೇ ಕೂತು ಆಕೆ ಮುತ್ಯಾನನ್ನು ಹುಡುಗನನ್ನಾಗಿ ಮಾಡಿದಳು, ಬೈಗುಳ ತಿರುಗಿ ಬರೆದಳು, ಮತ್ತೆ ಮತ್ತೆ ಬಂದ ಪುಟ ಅಳಿಸಿದಳು. ಐದು ಹೊಡೆಯಲು ಒಂದು ನಿಮಿಷ ಇರುವಾಗ ಕಳಿಸಿಬಿಟ್ಟಳು. ರಜಿಯಾಬಿ ಹೆಪ್ಪು ಕೇಳಿದ ಭಾಗ ಅಳಿಸಲು ಹೊತ್ತು ಸಾಲಲಿಲ್ಲ. ಮತ್ತೆ ಮತ್ತೆ ಬಂದಿದ್ದವಳು ಒಂದು ಸಲ ಸಿನಿಮಾದಲ್ಲಿ ಉಳಿದೇಬಿಟ್ಟಳು!

ಹದಿನೈದು ದಿನಕ್ಕೆ ಉತ್ತರ ಬಂತು. ಕಥೆ ಎರಡನೆಯ ಸುತ್ತಿಗೆ ಆಯ್ಕೆಯಾಗಿತ್ತು! ಶಿಲ್ಪಾ ನನ್ನನ್ನು ಎತ್ತಿ ತಿರುಗಿಸಿದಳು. ಕೆಳಗೆ ತೀರ್ಪುಗಾರರ ಸೂಚನೆ ಇತ್ತು. ಇಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ ನಾನು ಧೈರ್ಯ ಮಾಡಿ, ಗಟ್ಟಿಯಾಗಿ ನಾನೇ ಓದಿದೆ:

“ಹೆಪ್ಪು ಕೇಳಲು ಬರುವ ಹೆಂಗಸಿನ ಪಾತ್ರ ಬಹಳ ಸಹಜವಾಗಿದೆ. ಇದನ್ನು ಬೆಳೆಸಿ. ಆಕೆಗೆ ಉತ್ತರ ಕೊಡುವ ಮುದುಕಿಯ ಮಾತು ಮಾತ್ರ ನಂಬುವಂತಿಲ್ಲ. ಇಂಥವರು ಎಲ್ಲಿಯೂ ಇರುವುದಿಲ್ಲ. ತೆಗೆದುಹಾಕಿ.”

ಶಿಲ್ಪಾ ಅಂದೇ ತೆಗೆದುಹಾಕಿದಳು.