ನನ್ನ ಚಾದರದ ಮುಂದೆ ಕೂತವರು

ನಮ್ಮವರನ್ನು ಕಂಡರೆ ಮೂರು ತಾಲೂಕಿನ ಮುದುಕರು ಓಡುತ್ತಾರೆ. ಉತ್ಪ್ರೇಕ್ಷೆ ಅನ್ನಬೇಡಿ. ಓಡಲು ಆಗದವರು ಮುಸುಕು ಹಾಕಿ ಮಲಗುತ್ತಾರೆ, ಅದೂ ಆಗದವರು ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಾರೆ. ಇಷ್ಟಕ್ಕೂ ನಮ್ಮವರು ಪೊಲೀಸರಲ್ಲ, ಸೂಜಿ ಚುಚ್ಚುವವರಲ್ಲ. ಊರೂರು ತಿರುಗಿ ಫೋಟೋ ತೆಗೆಯುವವರು. ಮೋಟಾರ್ ಸೈಕಲ್ಲಿನ ಹಿಂದೆ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕ್ಯಾಮೆರಾ, ಪೆಟ್ಟಿಗೆಯ ಮೇಲೆ ಮಡಚುವ ಕುರ್ಚಿ, ಕುರ್ಚಿಯ ಮೇಲೆ ಗಂಟು ಕಟ್ಟಿದ ಒಂದು ಚಾದರ. ಅವರ ಸ್ಟುಡಿಯೋ ಇಷ್ಟೇ. ಬೆಳಿಗ್ಗೆ ಆಳಂದದ ನಮ್ಮ ಮನೆಯಿಂದ ಹೊರಟರೆ ಒಂದು ದಿನ ಅಫಜಲಪುರದ ಕಡೆ, ಇನ್ನೊಂದು ದಿನ ಜೇವರ್ಗಿಯ ಕಡೆ. ಯಾವ ಕಡೆ ಎಂದು ಹೊರಡುವ ಮೊದಲು ಕೇಳಿದರೆ ಆಕಾಶ ನೋಡುತ್ತಾರೆ. ಹೆಂಡತಿಗೆ ಉತ್ತರ ಕೊಡಲು ಆಕಾಶವನ್ನು ಕೇಳುವ ಗಂಡಸು ಬೇರೆ ಯಾರ ಮನೆಯಲ್ಲಾದರೂ ಇದ್ದರೆ ನನಗೆ ತಿಳಿಸಿ, ಸಮಾಧಾನವಾಗುತ್ತದೆ.

ಈಗ ಚಾದರದ ವಿಷಯ. ಆ ಚಾದರ ನನ್ನದು.

ಮದುವೆಯಲ್ಲಿ ಅವ್ವ ಕೊಟ್ಟದ್ದು. ತಿಳಿನೀಲಿ ಬಣ್ಣ, ಅಂಚಿಗೆ ಬಿಳಿ ಹೂವು, ಒಂದು ಮೂಲೆಯಲ್ಲಿ ಅವ್ವ ಕೈಯಾರೆ ಕಸೂತಿ ಹಾಕಿದ ಕೆಂಪು ಗಿಳಿ. ಗಿಳಿ ಯಾಕೆ ಕೆಂಪು? ಹಸಿರು ದಾರ ಮುಗಿದಿತ್ತಂತೆ. ಆ ಚಾದರದ ಮೇಲೆ ನಾನು ಮಲಗಿದ್ದು ಮದುವೆಯಾದ ಹೊಸತರಲ್ಲಿ ಕೆಲವೇ ದಿನ. ಒಂದು ಮುಂಜಾನೆ ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಹಾಸಿಗೆಯ ಮೇಲೆ ಚಾದರವಿಲ್ಲ. ಅಂಗಳದಲ್ಲಿ ಎರಡು ಬಿದಿರಿಗೆ ಅದನ್ನು ಕಟ್ಟಿ, ದೂರ ನಿಂತು, ನಮ್ಮವರು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಬಿಸಲು ತಿಂದ ಮಾರಿ ಈ ನೀಲಿ ಮುಂದ ಭಾಳ ಛಂದ ಕಾಣತದ" ಎಂದರು.

"ನಾ ಎದರ ಮ್ಯಾಲ ಮಲಗಲಿ?"

"ಮಲಗಿದಾಗ ನಿನ್ನ ಯಾರ್ ನೋಡ್ತಾರ?"

ಇವರು ಹೆಣ್ಣು ನೋಡಲು ನನ್ನ ತವರು ಮಣ್ಣೂರಿಗೆ ಬಂದ ದಿನವೇ ಅಲ್ಲಿಯವರಿಗೆ ತಿಳಿಯಬೇಕಿತ್ತು. ನಾನು ಚಹಾ ತಂದಿಟ್ಟು ಕೂತಾಗ ಅವರು ಆಡಿದ ಮೊದಲ ಮಾತು, "ಜರಾ ಕಿಟಕಿ ಕಡೆ ತಿರುಗ್ರಿ." ನನ್ನ ರೂಪಕ್ಕೆ ಸೋತರೆಂದು ನಾನು ನಾಚಿ ತಿರುಗಿದೆ. ಅವರು ಬಹಳ ಹೊತ್ತು ನೋಡಿ, "ಬೆಳಕು ಛಲೋ ಅದ" ಎಂದರು. ಅವ್ವ ಬಿಡಲಿಲ್ಲ. "ಹುಡುಗಿ ಹ್ಯಾಂಗದಾಳ ಹೇಳ್ರಿ" ಎಂದಳು. "ಹುಡುಗಿನೂ ಬೆಳಕಿನಾಗ ಕುಂತಾಳ್ರಿ" ಎಂದರು. ಅದನ್ನೇ ಒಪ್ಪಿಗೆ ಎಂದು ತಿಳಿದು ಹಿರಿಯರು ಸಕ್ಕರೆ ಹಂಚಿದರು.

ಮುದುಕರು ಯಾಕೆ ಓಡುತ್ತಾರೆ ಎಂದು ಹೇಳುತ್ತಿದ್ದೆ. ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಜನ ಬಹಳಷ್ಟು ಸೇರಿಸಿದ್ದಾರೆ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕಲು ಒಂದು ಫೋಟೋ ಬೇಕು. ಒಬ್ಬರೇ ಇರುವ ಫೋಟೋ, ಹಾರ ಹಾಕಲು. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಅದರಲ್ಲಿ ಮೊಮ್ಮಕ್ಕಳ ಫೋಟೋ ರಾಶಿ ಬಿದ್ದಿರುತ್ತವೆ. ಅಜ್ಜಿಯದು ಹುಡುಕಿದರೆ ಹುಟ್ಟುಹಬ್ಬದ ಕೇಕಿನ ಹಿಂದೆ ಅರ್ಧ ಕಿವಿ ಸಿಗುತ್ತದೆ. ಆಗ ಏನು ಮಾಡುತ್ತಾರೆಂದರೆ, ಮಣ್ಣಿಗೆ ಒಯ್ಯುವ ಮೊದಲು ಹೆಣವನ್ನು ಕೂರಿಸಿದಾಗ ತೆಗೆದ ಫೋಟೋ ತೆಗೆದುಕೊಂಡು ಪೇಟೆಯ ಯಾವುದಾದರೂ ಸ್ಟುಡಿಯೋಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಕಣ್ಣು ತೆರೆಸಿ ತರುತ್ತಾರೆ. ಕಣ್ಣು ಯಾರದೋ. ಹಾಗೆ ಒಬ್ಬ ಅಜ್ಜಿಗೆ ಯಾರೋ ಗಂಡಸಿನ ದೊಡ್ಡ ಕಣ್ಣು ಬಂದುಬಿಟ್ಟಿತ್ತು. ಆಕೆಯ ಸೊಸೆ ಫೋಟೋಕ್ಕೆ ಬೆನ್ನು ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. "ಇದ್ದಾಗ ನಮ್ಮತ್ತಿ ಒಂದಿನಾನೂ ನನ್ನ ಹಿಂಗ ನೋಡಿದ್ದಿಲ್ರಿ" ಎಂದು ನನ್ನ ಮುಂದೆ ಅತ್ತಳು.

ನಮ್ಮವರು ಈ ಕೆಲಸ ಮಾಡುವುದಿಲ್ಲ. ಎಷ್ಟು ಬೇಡಿಕೊಂಡರೂ ಇಲ್ಲ. "ಮುಚ್ಚಿದ ಕಣ್ಣು ನಾ ಯಾಕ ತಗೀಲಿ? ತೆರದಿದ್ದಾಗ ಬರ್ತೇನಿ" ಎನ್ನುತ್ತಾರೆ. ಮಾತು ಚೆಂದವಿದೆ. ಆದರೆ ತೆರೆದಿದ್ದಾಗ ಹೋಗುವುದೆಂದರೆ ಏನು? ಮುಂಚಿತವಾಗಿ ಹೋಗುವುದು. ಬದುಕಿರುವ ಮುದುಕರ ಮನೆಗೆ ಹೋಗಿ, ನೀಲಿ ಚಾದರ ಕಟ್ಟಿ, ಕುರ್ಚಿ ಹಾಕಿ, "ಕುಂದರ್ರಿ ಅಜ್ಜ" ಎನ್ನುವುದು. ಯಾಕೆ ಎಂದು ಕೇಳಿದರೆ ನಿಜ ಹೇಳಲು ಬರುತ್ತದೆಯೇ? ಅದಕ್ಕೆ ಸುಳ್ಳು. "ಕ್ಯಾಮೆರಾ ಕೆಟ್ಟಿತ್ತು, ಬರೋಬರಿ ಆಗ್ಯಾದೇನು ನೋಡಾಕತ್ತೇನಿ" ಎನ್ನುವುದು ಅವರ ಕಾಯಂ ಸುಳ್ಳು. ನೆಲೋಗಿಯ ಅಜ್ಜನೊಬ್ಬ ಒಮ್ಮೆ ಕೇಳಿಯೇಬಿಟ್ಟನಂತೆ: "ನಮ್ಮ ಓಣಿಗಿ ಬಂದಾಗಷ್ಟ ಯಾಕ ಕೆಡತದಲೇ ಅದು?"

ಎಲ್ಲ ಹೀಗೇ ನಡೆದಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಅತನೂರದಲ್ಲಿ ಫೋಟೋ ತೆಗೆಸಿಕೊಂಡ ಒಬ್ಬ ಅಜ್ಜ ಅದೇ ವಾರ ತೀರಿಕೊಂಡ. ಸ್ವಲ್ಪ ದಿನಕ್ಕೆ ಅವನ ಬೀಗನೂ ಹೋದ. ಅವನದೂ ಫೋಟೋ ಆಗಿತ್ತು. ಇಬ್ಬರೂ ಹಣ್ಣು ಹಣ್ಣು ಮುದುಕರು, ಒಬ್ಬನಂತೂ ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು. ಅದನ್ನು ಯಾರು ಕೇಳುತ್ತಾರೆ? ನೀಲಿ ಚಾದರದ ಮುಂದೆ ಒಬ್ಬರೇ ಕೂತರೆ ಮುಗಿಯಿತು ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ಊರೂರು ಮುಟ್ಟಿತು.

ಆಮೇಲಿನ ನಮ್ಮ ಬದುಕು ನಾನು ಹೇಳಬಾರದು, ನೀವು ಕೇಳಬಾರದು. ಒಂದು ಮದುವೆಯಲ್ಲಿ ನಮ್ಮವರು ಊಟದ ಪಂಕ್ತಿಯ ಫೋಟೋ ತೆಗೆಯಲು ಹೋದರೆ, ಒಬ್ಬ ಅಜ್ಜಿ ಎಲೆಯನ್ನೇ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. "ಏ ತಮ್ಮಾ, ನಾ ಇನ್ನೂ ಹೋಳಿಗಿ ತಿನ್ನೂದದ. ಅತ್ತಾಗ ಹೋಗು." ಅಫಜಲಪುರದ ಕಡೆಯಿಂದ ಒಬ್ಬ ಸೊಸೆ ಫೋನ್ ಮಾಡಿದಳು: "ನಮ್ಮತ್ತಿದೊಂದು ಫೋಟೋ ತಗೀಬೇಕಿತ್ರಿ. ಚಾದರ ತೊಗೊಂಡ ಬರ್ರಿ. ಜರಾ ಜಲ್ದಿ ಬರ್ರಿ." ಸಂಜೆ ಅದೇ ನಂಬರಿನಿಂದ ಮತ್ತೆ ಫೋನು. ಈ ಸಲ ಅತ್ತೆ. "ಮೊದಲ ಆಕಿದ ತಗಿಯಪಾ. ನಂದೇನು ಗಡಿಬಿಡಿ ಇಲ್ಲ."

ಇವರಿಗೆ ಇದರಿಂದ ಏನಾದರೂ ಅನ್ನಿಸಿತೇ? ಇಲ್ಲ. ಓಡುವ ಮುದುಕರನ್ನು ನೋಡಿ, "ಓಡಾಕ ಬರ್ತದಲ್ಲ, ಹಂಗಾರ ಮುಂದಿನ ವರ್ಷ ಬಂದರ ನಡೀತದ" ಎಂದು ಮುಂದಿನ ಊರಿಗೆ ಹೋಗುತ್ತಾರೆ.

ಮನೆಗೆ ಬಂದರೂ ಅದೇ. ನಾನು ಕಾದ ಹಂಚಿನ ಮುಂದೆ ಕೂತಿದ್ದರೆ ಬಾಗಿಲಲ್ಲೇ ನಿಂತು "ಅಳ್ಳಾಡಬ್ಯಾಡ, ಹಂಗ ಇರು" ಎನ್ನುತ್ತಾರೆ. ಹಂಗ ಇದ್ದರೆ ರೊಟ್ಟಿ ಕರಕಲಾಗುತ್ತದೆ. ಅಳ್ಳಾಡಿದರೆ ಫೋಟೋ ಕೆಡುತ್ತದೆ. ಕೂದಲೆಳೆಯಷ್ಟು ಅಳ್ಳಾಡಿದ ಫೋಟೋವನ್ನೂ ಅವರು ಯಾರಿಗೂ ಕೊಡುವುದಿಲ್ಲ. ಗಿರಾಕಿ "ಛಲೋ ಬಂದದ್ರಿ, ಕೊಡ್ರಿ" ಎಂದು ಕೈ ಚಾಚಿ ನಿಂತಿರುವಾಗಲೇ ಹರಿದು ಜೇಬಿಗೆ ಹಾಕಿಕೊಳ್ಳುತ್ತಾರೆ. ಆ ಚೂರುಗಳನ್ನು ಅಂಗಿಯ ಜೇಬಿನಿಂದ ತೆಗೆದು ಬಟ್ಟೆ ಒಗೆಯುವವಳು ನಾನು. ಯಾರದೋ ಮೂಗು, ಯಾರದೋ ರುಮಾಲು, ನನ್ನ ಕೈಗೆ ಅಂಟಿಕೊಳ್ಳುತ್ತವೆ.

ಒಮ್ಮೆ ಜೇವರ್ಗಿಯ ಹತ್ತಿರದ ಹಳ್ಳಿಯಲ್ಲಿ ಸಾವಾದ ಮನೆಗೆ ಮಾತನಾಡಿಸಲು ಹೋಗಿದ್ದೆ. ಸತ್ತ ಅಜ್ಜನನ್ನು ನಾನು ಕಂಡವಳಲ್ಲ, ಪಕ್ಕದ ಮನೆಯವರ ಸಂಬಂಧ ಎಂದು ಜೊತೆಗೆ ಹೋದದ್ದು. ಒಳಗೆ ಕಾಲಿಟ್ಟೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅಜ್ಜನ ಹಿಂದೆ ನನ್ನ ಚಾದರ. ಭುಜದ ಮೇಲೆ ಸರಿಯಾಗಿ ಕೂತಂತೆ ಕೆಂಪು ಗಿಳಿ. ಅವ್ವ ದೀಪದ ಮುಂದೆ ಬಾಗಿ ಆ ಗಿಳಿಗೆ ಕಣ್ಣು ಹಾಕಿದ್ದು ನೆನಪಾಗಿ ನನಗೆ ಅಳು ತಡೆಯಲಾಗಲಿಲ್ಲ. "ಭಾಳ ಹತ್ತರದ ಪೈಕಿ ಇದ್ದಿರಬೇಕು, ನೋಡ್ರಿ ಹ್ಯಾಂಗ ಅಳಾಕತ್ತಾಳ" ಎಂದು ಹಿಂದೆ ಯಾರೋ ಅಂದರು. ಮನೆಯ ಮಗ ಬಂದವರಿಗೆಲ್ಲ, "ಅಪ್ಪಗ ಗಿಳಿ ಅಂದ್ರ ಪ್ರಾಣ ಇತ್ರಿ" ಎಂದು ಹೇಳುತ್ತಿದ್ದ.

ಈಗ ನನ್ನ ಅವ್ವನ ವಿಷಯ. ಅವಳು ಮಣ್ಣೂರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಅತನೂರದ ಸುದ್ದಿ ಹಬ್ಬಿದ ದಿನವೇ ನಾನು ನಮ್ಮವರಿಂದ ಮಾತು ತೆಗೆದುಕೊಂಡೆ, ಅವ್ವನ ಕಡೆ ಕ್ಯಾಮೆರಾ ಎತ್ತಬಾರದು ಎಂದು. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ನಂಬುವುದಿಲ್ಲ, ಆದರೂ ಮಾತು ತೆಗೆದುಕೊಂಡೆ. ಅವ್ವ ಮಾತ್ರ ಪೂರ್ತಿ ನಂಬಿದ್ದಳು. ನಮ್ಮವರ ಗಾಡಿಯ ಸದ್ದು ಕೇಳಿದರೆ ಒಳಗಿಂದಲೇ ಕೂಗುತ್ತಿದ್ದಳು: "ಅಳಿಯದೇವರ, ನನ್ನ ಗಿಳಿ ಆರಾಮ ಅದೇನ್ರಿ? ಅದನ್ನ ಹೊರಗ ಬಿಟ್ಟು ನೀವಷ್ಟ ಒಳಗ ಬರ್ರಿ." ಅವರು ಪೆಟ್ಟಿಗೆ, ಕುರ್ಚಿ, ಚಾದರ ಎಲ್ಲ ಅಂಗಳದ ಬೇವಿನ ಗಿಡದ ಕೆಳಗಿಟ್ಟು ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದರು. ಗಿಡಕ್ಕೆ ಒರಗಿ ನಿಂತ ಆ ಕುರ್ಚಿಯನ್ನು ಕಂಡು ಓಣಿಯ ಮುದುಕರು ಬೇರೆ ದಾರಿ ಹಿಡಿಯುತ್ತಿದ್ದರು.

ಈ ಸಲ ಭೀಮೆಯ ನೀರು ಇಳಿಯುವ ಹೊತ್ತಿಗೆ ಅವ್ವನಿಗೆ ಎದೆನೋವು ಬಂತು. ಕಲಬುರಗಿಯ ದೊಡ್ಡ ದವಾಖಾನೆಗೆ ತಂದೆವು. ಆಪರೇಷನ್ ಆಗಬೇಕು ಎಂದರು. ವಯಸ್ಸಾಗಿದೆ, ನಾವು ಮಾಡುವುದು ಮಾಡುತ್ತೇವೆ, ನೀವೂ ಗಟ್ಟಿ ಇರಬೇಕು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಗಟ್ಟಿ ಇರಬೇಕು ಎಂದು ಡಾಕ್ಟರು ಹೇಳಿದರೆ ಅದರ ಅರ್ಥ ಏನೆಂದು ನನಗೆ ಗೊತ್ತಿತ್ತು. ತಮ್ಮ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತುಬಿಟ್ಟ.

ಆಪರೇಷನ್ ದಿನ ಬೆಳಿಗ್ಗೆ ಅವ್ವನಿಗೆ ಹಸಿರು ಅಂಗಿ ತೊಡಿಸಿ ಮಂಚದ ಮೇಲೆ ಕೂರಿಸಿದ್ದರು. ಕಿವಿಯ ಬೆಂಡೋಲೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಆಗ ಆಳಂದದಿಂದ ನಮ್ಮವರು ಬಂದರು. ಅವರ ಹೆಗಲಲ್ಲಿ ಕ್ಯಾಮೆರಾ ಇತ್ತು.

ನಾನು ಎದ್ದು ಅಡ್ಡ ನಿಂತೆ. ಸಿಟ್ಟೋ ಹೆದರಿಕೆಯೋ, ಈಗಲೂ ಹೇಳಲಾರೆ. "ಹೊರಗ ನಡೀರಿ" ಎಂದೆ. ಅವರು ನಡೆಯಲಿಲ್ಲ. ಅವ್ವ ಕ್ಯಾಮೆರಾ ನೋಡಿದಳು, ಅವರ ಮುಖ ನೋಡಿದಳು.

"ಚಾದರ ತಂದೀರೇನ್ರಿ ಅಳಿಯದೇವರ?"

"ಇಲ್ರಿ ಅತ್ತಿ. ನಿಮ್ಮ ಮಗಳು ಒಗಿಯಾಕ ಹಾಕ್ಯಾಳ."

ನಾನು ಹಾಕಿರಲಿಲ್ಲ.

"ಮತ್ತ ಅದನ್ಯಾಕ ತಂದೀರಿ?"

ಅವರು ಹೆಗಲಿನಿಂದ ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದರು. ಅಷ್ಟು ವರ್ಷದಲ್ಲಿ ಒರೆಸಲು ಕೂಡ ನನ್ನ ಕೈಗೆ ಕೊಡದ ಕ್ಯಾಮೆರಾ. "ಇಲ್ಲಿ ಒತ್ತು, ಅಷ್ಟ" ಎಂದರು. ಆಮೇಲೆ ಹೋಗಿ ಮಂಚದ ಅಂಚಿನಲ್ಲಿ, ಅವ್ವನ ಭುಜಕ್ಕೆ ಭುಜ ಹಚ್ಚಿ ಕೂತರು. ಅತ್ತೆಯ ಎದುರು ಕುರ್ಚಿಯ ಮೇಲೂ ಕೂರದ ಅಳಿಯ.

"ಇಬ್ಬರಿದ್ದ ಫೋಟೋಕ್ಕ ಯಾರೂ ಹಾರ ಹಾಕಂಗಿಲ್ರಿ ಅತ್ತಿ" ಎಂದರು. "ಹೋಗೂದಿದ್ರ ನನ್ನೂ ಕರಕೊಂಡ ಹೋಗಬೇಕಾಗತದ. ನೋಡ್ರಿ ಮತ್ತ."

ಅವ್ವ ಅವರ ಕೈ ಹಿಡಿದುಕೊಂಡಳು.

"ನಿಮ್ಮನ್ನ ಕರಕೊಂಡ ಹೋದ್ರ ದಾರಿ ತುಂಬ ಬೆಳಕು ನೋಡ್ಕೋತ ನಿಂದರ್ತೀರಿ" ಎಂದಳು. "ನಾ ಎಂದ ಮುಟ್ಟೂದು?"

ಹೇಳಿ ತಾನೇ ನಕ್ಕಳು. ನಾನು ಒತ್ತಿದೆ. ಕ್ಯಾಮೆರಾದ ಸಣ್ಣ ಗಾಜಿನಲ್ಲಿ ನನಗೆ ಕಂಡದ್ದು ಇಷ್ಟು: ಅವ್ವನ ಬೋಳು ಕಿವಿ, ನಮ್ಮವರ ಕೈಯನ್ನು ಹಿಡಿದುಕೊಂಡ ಅವಳ ಕೈ. ಅಷ್ಟರಲ್ಲಿ ಗಾಲಿಯ ಮಂಚ ಬಂತು, ಕರೆದೊಯ್ದರು.

ಅವ್ವ ಉಳಿದಳು. ಇದನ್ನು ಇನ್ನೂ ಮುಂಚೆ ಹೇಳಬೇಕಿತ್ತೇನೋ, ಆದರೆ ನಮಗೂ ಆ ದಿನ ಯಾರೂ ಮುಂಚೆ ಹೇಳಲಿಲ್ಲ. ಸಂಜೆಯವರೆಗೆ ಬಾಗಿಲು ನೋಡುತ್ತ ಕೂತಿದ್ದೆವು. ಅವಳು ಚೇತರಿಸಿಕೊಂಡ ಮೇಲೆ ನಾನು ಆಳಂದಕ್ಕೆ ಬಂದು ನೋಡಿದರೆ ಚಾದರ ನಮ್ಮ ಮಂಚದ ಮೇಲೆ ಹಾಸಿತ್ತು. ಸುಕ್ಕಿಲ್ಲದೆ, ಗಿಳಿ ನಾನು ತಲೆ ಇಡುವ ಕಡೆಗೆ.

ಫೋಟೋ ಮಾತ್ರ ಕೆಟ್ಟಿತ್ತು. ನನ್ನ ಕೈ ನಡುಗಿ ಇಬ್ಬರಿಗೂ ಎರಡೆರಡು ಮೂಗು, ನಗು ಮುಖದಿಂದ ಹೊರಗೆ ಹರಿದಂತೆ. "ಹರದ ಒಗೀರಿ" ಎಂದೆ. ಕೂದಲೆಳೆಯಷ್ಟು ಅಳ್ಳಾಡಿದರೂ ಹರಿಯುವ ಮನುಷ್ಯ ಅದಕ್ಕೆ ಕಟ್ಟು ಹಾಕಿಸಿ, ಗಾಜು ಹಾಕಿಸಿ, ಮಣ್ಣೂರಿಗೆ ತಂದು ತಾವೇ ಮೊಳೆ ಹೊಡೆದರು. ಅಷ್ಟೂ ಹೊತ್ತು ಮೊಳೆಗಿಂತ ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಿದ್ದೇ ಹೆಚ್ಚು. ನಾನು ಸುತ್ತಿಗೆ ಹಿಡಿದು ನಿಂತೂ ನಿಂತೂ ಸಾಕಾದೆ.

ಪಕ್ಕದ ಮನೆಯಾಕೆ ಬಂದು ಫೋಟೋದ ಹತ್ತಿರ ಮುಖ ಒಯ್ದು ನೋಡಿದಳು. "ಇದೇನ್ ಬೇ, ನಿಮ್ಮ ಅಳಿಯ ಇಷ್ಟ ದೊಡ್ಡ ಫೋಟೋಗ್ರಾಫರ ಅಂತಾರ, ಫೋಟೋ ಪೂರಾ ಅಳ್ಳಾಡ್ಯಾದಲ್ಲ."

ಅವ್ವ ಗೋಡೆ ಹಿಡಿದು ಎದ್ದಳು. ಸೆರಗಿನಿಂದ ಗಾಜು ಒರೆಸಿದಳು.

"ಅಳ್ಳಾಡಲಿ ಬಿಡ ಬೇ" ಎಂದಳು. "ಹೋದವರೇನು ಅಳ್ಳಾಡತಾರ?"