ಟಗರಿನ ಎದೆಯೂ ನನ್ನ ಗಂಟಲೂ

ದೇವರು ಕೆಲವರಿಗೆ ಹಾಡಲು ಕೊರಳು ಕೊಡುತ್ತಾನೆ, ಕೆಲವರಿಗೆ ಬೈಯಲು ಗಂಟಲು ಕೊಡುತ್ತಾನೆ. ನನಗೆ ಕೊಟ್ಟಿದ್ದು ಗಂಟಲು. ಹಳ್ಳದ ಈ ದಡದಲ್ಲಿ ನಿಂತು ನಾನು ಕೂಗಿದರೆ ಆ ದಡದ ಕುರಿ ಮೇಯುವುದನ್ನು ಬಿಟ್ಟು ತಿರುಗಿ ನೋಡುತ್ತದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಕುರಿ ಕಾಯುವವರ ಮನೆಗೇ ಸೊಸೆಯಾಗಿ ಬಂದವಳು ನಾನು. ಪಿಸುಗುಟ್ಟಿ ಕುರಿ ಕಾದವರನ್ನು ಇದುವರೆಗೆ ಕಂಡಿಲ್ಲ. ಹೊಸದುರ್ಗದ ಕಡೆಯ ನಮ್ಮ ಊರಿನಲ್ಲಿ ಯಾರ ದನ ತಪ್ಪಿಸಿಕೊಂಡರೂ "ಅಜ್ಜೀ, ಒಂದ್ಸಲ ಕೂಗಿಬಿಡು" ಎಂದು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅಂಥ ಗಂಟಲು ಮುದುಕಿಯಾದ ಮೇಲೆ ರೋಗವಾಯಿತು. ನನಗೆ ರೋಗವಾಗಿದ್ದರೆ ಸುಮ್ಮನಿರುತ್ತಿದ್ದೆ. ನನ್ನ ಗಂಟಲು ನನ್ನ ಗಂಡನಿಗೆ ರೋಗವಂತೆ!

ಆಗಿದ್ದಿಷ್ಟು. ಊರಿಗೊಂದೇ ಫೋನ್ ಇದ್ದ ಕಾಲ ಅದು. ನಮ್ಮ ಯಜಮಾನ ಒಂದು ದಿನ ಕಣದಲ್ಲಿ ತಲೆ ತಿರುಗಿ ಕುಳಿತುಬಿಟ್ಟ. ಮಗ ತಿಪ್ಪೇಶಿ ಅವನನ್ನು ಬಸ್ಸು ಹತ್ತಿಸಿಕೊಂಡು ಚಿತ್ರದುರ್ಗಕ್ಕೆ ಹೊರಟ, ನಾನೂ ಹೋದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, ಬಿಪಿ ಜಾಸ್ತಿ ಇದೆ ಎಂದರು. "ಉಪ್ಪು ಕಮ್ಮಿ ಮಾಡ್ರಿ. ಮನಸ್ಸಿಗೆ ಬೇಜಾರು ಆಗದಂಗೆ ನೋಡ್ಕಳ್ರಿ. ಮನೆಯಾಗೆ ಗಲಾಟೆ ಇರಬಾರ್ದು" ಎಂದರು. ಗಲಾಟೆ ಎಂದಾಗ ಡಾಕ್ಟರು ಚೀಟಿ ನೋಡುತ್ತಿದ್ದರು, ಮಗ ನನ್ನನ್ನು ನೋಡಿದ, ಯಜಮಾನ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಬ್ಬ ಮಹಾರಾಜ ಹುಟ್ಟಿಕೊಂಡ. ಬೇವಿನ ಮರದ ಕೆಳಗೆ ಮಂಚ, ಮಂಚದ ಮೇಲೆ ಕಂಬಳಿ, ಕಂಬಳಿಯ ಮೇಲೆ ಅವನು. ನನ್ನ ದನಿ ಒಂದಿಷ್ಟು ಏರಿದರೆ ಸಾಕು, ಎದೆಯ ಮೇಲೆ ಕೈ ಇಟ್ಟುಕೊಳ್ಳುವನು. ಹೊರಕೆರೆದೇವಪುರದಿಂದ ಕಾಲು ಮುರಿದ ಟಗರನ್ನು ಹೆಗಲ ಮೇಲೆ ಹೊತ್ತು ತಂದ ಗಂಡಸು ನನ್ನ ಒಂದು ಮಾತಿಗೆ ಮುರಿದುಬೀಳುತ್ತಾನಂತೆ!

ಕೊನೆಗೆ ತಿಪ್ಪೇಶಿ ಬಾಯಿಬಿಟ್ಟು ಹೇಳಿಯೇಬಿಟ್ಟ. "ಅವ್ವ, ನೀನು ತುರುವನೂರಿನ ಅಕ್ಕನ ಮನೆಯಾಗೆ ಒಂದಷ್ಟು ದಿನ ಇರು. ಅಪ್ಪ ಸುಧಾರಿಸ್ಕಳ್ಳಿ."

"ಒಂದಷ್ಟು ದಿನ ಅಂದ್ರೆ ಎಷ್ಟ್ಲೇ?"

"ಅಪ್ಪ ಸುಧಾರಿಸ್ಕಳಗಂಟ."

ಮಗಳ ಮನೆಯಲ್ಲಿ ನೆಂಟಳಾಗಿ ಎರಡು ದಿನ ಇರಬಹುದು. ಆಮೇಲೆ ಅಲ್ಲಿನ ಒಲೆಗೂ ನಾವು ಬೇಡ, ನೀರಿನ ಕೊಡಕ್ಕೂ ಬೇಡ. ನನ್ನ ಕೈಯಿಂದಲೇ ಸಾರಿಸಿದ ನೆಲವನ್ನು ಬಿಟ್ಟು ನಾನೇಕೆ ಹೋಗಲಿ? ಆದರೆ ಕೂಗಿ ಹೇಳುವಂತಿಲ್ಲ. ಕೂಗಿದರೆ ಆ ಕೂಗೇ ಸಾಕ್ಷಿಯಾಗುತ್ತದೆ. ಕೂಗದೆ ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಅಷ್ಟರಲ್ಲಿ ಕುರಿ ಡಾಕ್ಟರಮ್ಮ ಬಂದಳು. ವನಜಾ ಎಂದು ಹೆಸರು, ಯಾವುದೋ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಳು. ಮೇವು ಒಂದೇ ಥರ ಇದ್ದು, ಒಂದು ಪ್ರಾಣಿ ನೆಮ್ಮದಿಯಾಗಿ ಇನ್ನೊಂದು ಹೆದರಿಕೆಯಲ್ಲಿ ತಿಂದರೆ ಮೈ ಹೇಗೆ ಹತ್ತುತ್ತದೆ ಎಂದು ಅವಳು ನೋಡಬೇಕಂತೆ. ನಮ್ಮ ಕುರಿ ರೊಪ್ಪದಲ್ಲಿ ಬೇಲಿ ಹಾಕಿಸಿ ಎರಡು ಭಾಗ ಮಾಡಿದಳು. ಎಳೆ ಟಗರುಗಳನ್ನು ಆರಿಸಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಬಿಟ್ಟಳು. ಹುರುಳಿ, ಹಿಂಡಿ, ಶೇಂಗಾ ಹೊಟ್ಟು ಎಲ್ಲವನ್ನೂ ತೂಗಿ ಹಾಕಬೇಕು, ಹಾಕುವವಳು ನಾನು. ಹೀಗಾಗಿ ನನ್ನ ತುರುವನೂರಿನ ಪ್ರಯಾಣ ಮುಂದಕ್ಕೆ ಹೋಯಿತು.

ಹೆದರಿಸಲು ಅವಳು ಟೇಪ್ ರೆಕಾರ್ಡರ್ ತಂದಿದ್ದಳು. ಅದರಲ್ಲಿ ನಾಯಿ ಬೊಗಳುತ್ತಿತ್ತು. ನಮ್ಮ ಟಗರುಗಳು ಮರಿಯಾಗಿದ್ದಾಗಿನಿಂದ ನಾಯಿಯ ಹೊಟ್ಟೆಗೆ ಒರಗಿ ಮಲಗಿ ಬೆಳೆದವು. ತಲೆ ಎತ್ತಿಯೂ ನೋಡಲಿಲ್ಲ. ಪಾಪ, ಹುಡುಗಿ ಟೇಪನ್ನು ತಿರುಗಿಸಿ ಮುರುಗಿಸಿ ಹಾಕಿದಳು. ಅಷ್ಟರಲ್ಲಿ ನಾನು ಹುಲ್ಲಿನ ಮೆದೆಗೆ ಬಾಯಿ ಹಾಕುತ್ತಿದ್ದ ಪಕ್ಕದ ಮನೆಯ ಎಮ್ಮೆಗೆ ಎರಡು ಮಾತು ಅಂದೆ. ಅಷ್ಟೂ ಟಗರುಗಳ ಕಿವಿ ನಿಮಿರಿದವು. ವನಜಾ ಓಡಿ ಒಂದರ ಎದೆಗೆ ಕೊಳವೆ ಇಟ್ಟು ಕೇಳಿ, ಕಣ್ಣರಳಿಸಿ, "ಅಜ್ಜೀ, ಡವಡವ ಅಂತೈತೆ! ನಿಮ್ಮ ದನೀನೇ ಟೇಪಿಗೆ ಹಿಡ್ಕಂತೀನಿ" ಎಂದಳು.

ಮಂಚದ ಮೇಲಿದ್ದ ಮಹಾರಾಜ ಮಗನಿಗೆ, "ನೋಡ್ದೇನ್ಲೇ, ಮೂಕಪ್ರಾಣಿಗೂ ಹಂಗೇ ಆಗ್ತೈತೆ" ಎಂದ. ತಿಪ್ಪೇಶಿ ನಗುತ್ತಾ, "ನೋಡಾಣ ಅವ್ವ. ಟಗರು ಸೊರಗಿದ್ರೆ ನೀನು ಬಸ್ಸು ಹತ್ತಬೇಕು. ಸೊರಗದಿದ್ರೆ ನಾನು ಬಾಯಿ ಎತ್ತಲ್ಲ" ಎಂದ. ನನ್ನ ಸಂಸಾರದ ತೀರ್ಪನ್ನು ಟಗರಿನ ಕೈಗೆ ಕೊಟ್ಟರು!

ಟೇಪು ಮುಂದಿಟ್ಟು ಬೈಯಿರಿ ಎಂದರೆ ಬೈಗುಳ ಬರುತ್ತದೆಯೇ? ನಾನು ಸೆರಗು ಸರಿ ಮಾಡಿಕೊಂಡು, "ಉಂಡ್ರೇನಪ್ಪ, ಚೆನ್ನಾಗಿದೀರಾ" ಎಂದೆ. ವನಜಾಳಿಗೆ ನಗು. ಮಾತು ಹಿಡಿಯಲಿ ಎಂದು ನಾನೇ ಕೇಳಿದೆ, "ಅಲ್ಲಮ್ಮ, ಬರೇ ಟಗರೇ ಯಾಕೆ ಆರಿಸ್ದೆ? ಹೆಣ್ಣು ಕುರಿ ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಹೆಣ್ಣಿಂದು ಕಷ್ಟ ಅಜ್ಜಿ. ಬೆದೆಗೆ ಬರ್ತಾವೆ, ಗಬ್ಬ ಆಗ್ತಾವೆ, ಹಾಲು ಕೊಡ್ತಾವೆ. ಮೈ ದಿನಕ್ಕೊಂದು ಥರ ಇರ್ತೈತೆ. ಲೆಕ್ಕ ಕಲಸಿ ಹೋಗ್ತೈತೆ. ಅದಕ್ಕೇ ಗಂಡೇ ತಗಳ್ಳೋದು. ಎಲ್ಲಾ ಕಡೇನೂ ಹೆಚ್ಚು ಹಿಂಗೇ, ಮನುಷ್ಯರ ಔಷಧೀನೂ ಮೊದ್ಲು ಗಂಡು ಪ್ರಾಣಿ ಮ್ಯಾಲೇ ನೋಡ್ತಾರೆ."

ಆಗ ಬಂತು ನೋಡಿ.

"ಟಗರಿಗೆ ಏನಮ್ಮ ಚಿಂತೆ? ಬಸುರಾಗ್ತೈತಾ? ಈಯ್ತೈತಾ? ಕೋಡು ತೋರಿಸ್ಕಂಡು ನೆಳ್ಳಾಗೆ ನಿಂತಿರ್ತೈತೆ. ಅದಕ್ಕೆ ಹುರುಳಿ, ಅದಕ್ಕೆ ಹಿಂಡಿ, ಅದರ ಎದಿ ಹೆಂಗೆ ಬಡ್ಕಂತೈತೆ ಅಂತ ಕೇಳಾಕೆ ಒಬ್ಬಳು ಡಾಕ್ಟ್ರು! ಗಬ್ಬದ ಕುರಿ ಉರಿಬಿಸ್ಲಾಗೆ ಗುಡ್ಡ ಹತ್ತಿ ಇಳೀತೈತೆ, ಅದಕ್ಕೆ ಎದಿ ಇಲ್ಲೇನು? ಲೆಕ್ಕ ಕಲಸಿ ಹೋದ್ರೆ ಕುರಿ ತಪ್ಪಾ, ನಿಮ್ಮ ಲೆಕ್ಕದ ತಪ್ಪಾ? ನೀನೂ ಹೆಣ್ಣೇ ಅಲ್ವೇನೇ, ನಿನ್ನ ಬಾಯಾಗೆ ಈ ಮಾತು ಹೆಂಗೆ ಬಂತು?"

ಅಷ್ಟರಲ್ಲಿ ಟಗರುಗಳು ಅವಳು ತೂಗಿಟ್ಟ ಸಪ್ಪೆ ಮೇವನ್ನು ಮೂಸಿ ಬಿಟ್ಟು ನನ್ನ ಸೆರಗು ಎಳೆಯತೊಡಗಿದವು. ಅದೇ ಕಾವಿನಲ್ಲಿ ಅವಕ್ಕೂ ಬಿತ್ತು: "ತಿನ್ರಿ, ಬಾಯ್ಮುಚ್ಕಂಡು ತಿನ್ರಿ! ನಿಮ್ಮಪ್ಪ ಉಪ್ಪು ಖಾರ ನೋಡಿ ತಿಂತಿದ್ನಾ?"

ಟೇಪು ಎಲ್ಲವನ್ನೂ ನುಂಗಿಕೊಂಡಿತ್ತು. ವನಜಾ ಮುಖ ಸಣ್ಣಗೆ ಮಾಡಿಕೊಂಡು, "ಬೇಕಾದಷ್ಟಾಯ್ತು ಅಜ್ಜಿ" ಎಂದಳು.

ಆಮೇಲೆ ದಿನವೂ ಒಂದು ಭಾಗದ ಟಗರುಗಳಿಗೆ ಟೇಪಿನಲ್ಲಿ ನನ್ನ ಬೈಗುಳ, ಇನ್ನೊಂದು ಭಾಗವನ್ನು ಕಣದ ಆಚೆಗೆ ಒಯ್ದು ಅವಕ್ಕೆ ನೆಮ್ಮದಿ. ಎರಡಕ್ಕೂ ಮೇವು ಹಾಕುವಾಗ ನಾನು ತುಟಿ ಬಿಚ್ಚುವಂತಿಲ್ಲ. ಆಗಾಗ ತೂಕ. ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ ಟಗರನ್ನು ಚೀಲದಲ್ಲಿ ನೇತುಹಾಕುವರು. ತಿಪ್ಪೇಶಿ ಮುಳ್ಳು ನೋಡುವನು, ನಾನು ತಿಪ್ಪೇಶಿಯ ಮುಖ ನೋಡುವೆನು. ಬರಬರುತ್ತಾ ಆ ಮುಖವೇ ಸೊರಗಿತು. ಬೈಸಿಕೊಂಡ ಟಗರುಗಳು ಗುಂಡಗಾಗಿದ್ದವು! ಟೇಪು ಹಾಕಿದ ಕೂಡಲೇ ಒಂದರ ಮೇಲೊಂದು ಬಿದ್ದು ಮೇವಿನ ಬಾನಿಗೆ ಬಾಯಿ ಹಾಕುತ್ತಿದ್ದವು. ನೆಮ್ಮದಿಯ ಟಗರುಗಳು ಮೇವಿನ ಮುಂದೆ ಆಕಳಿಸಿಕೊಂಡು ನಿಂತಿದ್ದವು. ವನಜಾಳೇ ತಲೆ ಕೆರೆದುಕೊಂಡು ಕಾರಣ ಹೇಳಿದಳು: "ಅಜ್ಜಿ, ಇವು ಹುಟ್ಟಿದಾಗಿಂದ ನೀವು ಬೈದ್ಕಂತಾನೇ ಮೇವು ಹಾಕೀರಿ. ನಿಮ್ಮ ಬೈಗುಳ ಇವಕ್ಕೆ ಊಟದ ಗಂಟೆ. ಎದಿ ಬಡ್ಕಂಡಿದ್ದು ಹೆದ್ರಿ ಅಲ್ಲ, ಹಸ್ದು."

ನಾನು ನೆಟ್ಟಗೆ ಬೇವಿನ ಮರದ ಕೆಳಗೆ ಹೋಗಿ ನಿಂತೆ. "ಕೇಳಿಸ್ತಾ?"

ಯಜಮಾನ ಮಂಚದ ಮೇಲೆಯೇ ಮನೆಯ ಗೋಡೆಯ ಕಡೆ ತಿರುಗಿದ. ತಿಪ್ಪೇಶಿ, "ಅದು ಟಗರು ಅವ್ವ, ಮನುಷ್ಯರ ಮಾತು ಬ್ಯಾರೆ" ಎಂದ.

"ಯಾಕ್ಲೇ ಬ್ಯಾರೆ? ಗಂಡು ಪ್ರಾಣಿ ಮ್ಯಾಲೆ ನೋಡಿದ್ದನ್ನ ಹೆಂಗಸ್ರಿಗೆ ಹೊಂದಿಸ್ಬೋದು, ನಿಮ್ಮಪ್ಪಗೆ ಹೊಂದಿಸಾಕೆ ಆಗಲ್ವಾ? ಅವನೂ ಗಂಡೇ ಅಲ್ವಾ?" ಎಂದೆ. ತುರುವನೂರಿನ ಮಾತು ಅಲ್ಲಿಗೆ ಮುಗಿಯಿತು.

ಗೆದ್ದವಳು ಮನೆಯಲ್ಲಿ ಕೂರಬೇಕಿತ್ತು. ಆದರೆ ಯಜಮಾನನನ್ನು ಮತ್ತೆ ಚಿತ್ರದುರ್ಗಕ್ಕೆ ಕರೆದೊಯ್ಯುವ ದಿನ ನಾನೂ ಹೊರಟೆ, ಡಾಕ್ಟರಿಗೂ ಎರಡು ಮಾತು ಹೇಳೋಣವೆಂದು. ಅವನ ಬಿಪಿ ಸರಿಯಾಗಿತ್ತು. ನಾನು ಟಗರಿನ ಕಥೆಯನ್ನು ಶುರುಮಾಡಿದೆ. ಅರ್ಧಕ್ಕೇ ಡಾಕ್ಟರು, "ಅಜ್ಜಿ, ಸ್ವಲ್ಪ ತೋಳು ಕೊಡ್ರಿ" ಎಂದು ನನಗೂ ಪಟ್ಟಿ ಕಟ್ಟಿದರು. ಮತ್ತೊಮ್ಮೆ ಕಟ್ಟಿದರು. "ನಿಮ್ಮ ಬಿಪಿ ಯಾವಾಗ್ಲಿಂದ ಹಿಂಗೆ ಜಾಸ್ತಿ ಐತೆ?"

"ಯಾರು ನೋಡಿದ್ರಪ್ಪ, ಗೊತ್ತಾಗಾಕೆ?" ಎಂದೆ.

ಗುಳಿಗೆ ಬರೆದರು. ಈ ಗುಳಿಗೆಯನ್ನು ಮೊದಲು ಯಾವ ಪ್ರಾಣಿಯ ಮೇಲೆ ನೋಡಿದ್ದೆಂದು ಕೇಳಿದೆ. ಇಲಿಗಳ ಮೇಲೆ ನೋಡಿರುತ್ತಾರೆ ಎಂದರು. "ಗಂಡಾ, ಹೆಣ್ಣಾ?" ಎಂದು ಕೇಳಿದೆ. ಅವರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಅವತ್ತಿನಿಂದ ಮನೆಯಲ್ಲಿ ಇನ್ನೊಂದು ಮಂಚ ಬಿತ್ತು. ನಾನು ಕೂಗಬಾರದು, ಉಪ್ಪು ತಿನ್ನಬಾರದು. ಕೂಗದಿದ್ದರೆ ಟಗರು ಮೇವು ಮುಟ್ಟುವುದಿಲ್ಲ. ಅದಕ್ಕೇ ತಿಪ್ಪೇಶಿ ವನಜಾಳನ್ನು ಕೇಳಿ ಆ ಕ್ಯಾಸೆಟ್ಟನ್ನು ಇಟ್ಟುಕೊಂಡ. ಮೊದಲ ದಿನ ಮುದ್ದೆ, ಸಪ್ಪೆ ಸಾರಿನ ತಟ್ಟೆಯನ್ನು ಮುಂದಿಟ್ಟುಕೊಂಡು, ಉಣ್ಣುವುದಿಲ್ಲ ಎಂದು ಮುಖ ತಿರುಗಿಸಿ ಕುಳಿತಿದ್ದೆ. ರೊಪ್ಪದ ಕಡೆಯಿಂದ ಯಾರೋ ಒಬ್ಬ ಕೆಟ್ಟ ಮುದುಕಿ ಊರೇ ಕೇಳುವಂತೆ ಕೂಗಿದಳು: "ತಿನ್ರಿ, ಬಾಯ್ಮುಚ್ಕಂಡು ತಿನ್ರಿ! ನಿಮ್ಮಪ್ಪ ಉಪ್ಪು ಖಾರ ನೋಡಿ ತಿಂತಿದ್ನಾ?"

ನೋಡುತ್ತಿರಲಿಲ್ಲ ನಮ್ಮಪ್ಪ. ಮುದ್ದೆ ಮುರಿದೆ.