ನಮ್ಮ ಯಜಮಾನರ ಹೊಳೆಯುವ ನೀರು

ಮನೆಯಲ್ಲಿ ಕೆಲಸವಿಲ್ಲದ ಗಂಡಸು ಒಬ್ಬ, ಉರಿಯುವ ಒಲೆ ಒಂದು ಇದ್ದರೆ ಸಾಕು, ನಗೆಪಾಟಲಿಗೆ ಬೇರೆ ಏನೂ ಬೇಕಾಗುವುದಿಲ್ಲ. ಘಾಟ್ಕೋಪರಿನ ಚಾಳಿನಲ್ಲಿ ಒಂದು ವರ್ಷ ಪೂರ್ತಿ ನನಗೆ ಇದೇ ಪಾಠವಾಯಿತು.

ನಮ್ಮ ಯಜಮಾನರು ಮುಲುಂಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಬಣ್ಣ ಕಲಸುವ ಕೆಲಸದಲ್ಲಿದ್ದರು. ಆ ವರ್ಷ ಕಾರ್ಖಾನೆಗೆ ಬೀಗ ಬಿತ್ತು. ಇವತ್ತು ತೆಗೆದಾರು, ನಾಳೆ ತೆಗೆದಾರು ಎಂದು ಗೇಟಿನ ಮುಂದೆ ಕೂತು ಕೂತು ಬೇಸತ್ತು ಮನೆಗೆ ಬಂದರು. ಗದಗಿನಿಂದ ನನ್ನ ಅಣ್ಣ "ಇಬ್ಬರೂ ಇಲ್ಲೇ ಬಂದುಬಿಡ್ರಿ" ಎಂದು ಹೇಳಿಕಳಿಸಿದ. ಅಣ್ಣನ ಮನಸ್ಸು ದೊಡ್ಡದು. ಮನೆ ಮಾತ್ರ ಅತ್ತಿಗೆಯದು. ಹಿಂದೊಮ್ಮೆ ಅಲ್ಲಿ ಎರಡು ತಿಂಗಳಿದ್ದಾಗ ನನ್ನ ತಟ್ಟೆಗೆ ಬಿದ್ದ ಪ್ರತಿ ರೊಟ್ಟಿಯ ಮೇಲೂ ಅವಳ ಕಣ್ಣು ಬಿದ್ದದ್ದು ನನಗೆ ಮರೆತಿರಲಿಲ್ಲ. ಸತ್ತರೂ ಅಲ್ಲಿಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದೆ.

ಆಗ ಇವರಿಗೆ ಒಂದು ಹುಚ್ಚು ಹೊಳೆಯಿತು. ಸಮುದ್ರದ ಚಿಪ್ಪಿನ ಸುಣ್ಣ, ಗಂಧಕ, ಇನ್ನೂ ಏನೇನೋ ಸೇರಿಸಿ ಕೆಂಡದಲ್ಲಿ ಸುಟ್ಟರೆ ಒಂದು ಬಿಳಿ ಪುಡಿ ಬರುತ್ತದಂತೆ. ಅದು ಹಗಲು ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುತ್ತದಂತೆ. ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿದರೆ ಹೊಳೆಯುವ ನೀರು. ಅದನ್ನು ಪ್ಲಾಸ್ಟರಿನ ಗಣಪತಿಗೆ ಬಳಿದರೆ ಹೊಳೆಯುವ ಗಣಪತಿ.

"ಒಬ್ಬ ಮೂರ್ತಿ ವ್ಯಾಪಾರಿ ಒಪ್ಪಿದ್ರ ಸಾಕು. ಗದಗಿನ ಗಾಡಿ ಹತ್ತೂದು ತಪ್ಪತೈತಿ" ಎಂದರು.

ನಾನು ಅಡುಗೆಯ ಶಿಗಡಿ ಬಿಟ್ಟುಕೊಟ್ಟೆ. ಹೇಗೂ ಅದರ ಮೇಲೆ ಇಡುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಮೊಟ್ಟೆ

ಗಂಧಕ ಸುಟ್ಟ ಆ ಪುಡಿಗೆ ಎರಡು ಹನಿ ನೀರು ಬಿದ್ದರೆ ಕೊಳೆತ ಮೊಟ್ಟೆಯ ವಾಸನೆ ಎದ್ದು ಇಡೀ ಚಾಳು ತುಂಬುತ್ತಿತ್ತು. ನಾವು ಮೊಟ್ಟೆ ಮುಟ್ಟಿದವರೇ ಅಲ್ಲ. ಚಾಳಿನ ಮಾಲೀಕ ಸೇಠ್ ಅಂತೂ ಮೊಟ್ಟೆ ಬೇಯಿಸಿದವರ ಖೋಲಿ ಅದೇ ದಿನ ಖಾಲಿ ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದ.

ಒಂದು ದಿನ ಧೋತರದ ಚುಂಗು ಮೂಗಿಗೆ ಹಿಡಿದು ಬಂದೇಬಿಟ್ಟ. "ಶಾಕಾಹಾರಿ ಅಂತ ನಂಬಿ ಖೋಲಿ ಕೊಟ್ಟೆ! ಎಲ್ಲಿಟ್ಟಿದ್ದೀರಿ?" ಎಂದು ಮಂಚದ ಕೆಳಗೆ ಬಗ್ಗಿದ, ಹಿಟ್ಟಿನ ಡಬ್ಬಿಗೆ ಕೈ ಹಾಕಿದ. ಡಬ್ಬಿಯಲ್ಲಿ ಹಿಟ್ಟೂ ಇರಲಿಲ್ಲ.

ಯಜಮಾನರು ಪುಡಿಯ ಕುಡಿಕೆಯನ್ನು ತಂದು ಅವನ ಮೂಗಿನ ಕೆಳಗೇ ಹಿಡಿದರು. ಸೇಠ್ ಓಡಿಹೋಗಿ ಮೋರಿಯ ಹತ್ತಿರ ಕೂತು ಎಲ್ಲ ಕಕ್ಕಿದ. ಬಾಯಿ ಒರೆಸಿಕೊಂಡು ಬಂದು, "ಇದು ಮೊಟ್ಟೆ ಅಲ್ಲ, ಬಿಡಿ. ಮೊಟ್ಟೆ ವಾಸನೆ ಇಷ್ಟು ಕೆಟ್ಟದಾಗಿರೋದಿಲ್ಲ" ಎಂದ. ಅವನಿಗೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂದಿನಿಂದ ನಮ್ಮ ಮನೆಯ ವಾಸನೆಗೆ ಸೇಠ್‌ನ ಒಪ್ಪಿಗೆಯ ಮುದ್ರೆ ಬಿತ್ತು. ಹೊಗೆಗೆ ಇವರಿಗೆ ಕೆಮ್ಮು ಹತ್ತಿತು, ಹತ್ತಿದ್ದು ಬಿಡಲಿಲ್ಲ. ಆದರೆ ಮೇಲಿನ ಖೋಲಿಯ ಬ್ಯಾಚಲರ್ ಹುಡುಗರು ಮಾತ್ರ ಮೈ ಕೈ ತುಂಬಿಕೊಂಡರು. ದಿನಾ ಬೆಳಿಗ್ಗೆ ಒಬ್ಬ ಇಳಿದು ಬಂದು ಬಾಗಿಲಲ್ಲಿ ನಿಂತು ವಿನಯದಿಂದ ಕೇಳುತ್ತಿದ್ದ: "ವೈನಿ, ಇವತ್ತು ಸಾಹೇಬರ ಪ್ರಯೋಗ ಎಷ್ಟು ಗಂಟೆಗೆ? ಆಮ್ಲೆಟ್ ಹಾಕೋದಿದೆ."

ಕೌದಿ

ಹೊಳೆಯುತ್ತದೋ ಇಲ್ಲವೋ ನೋಡಲು ಕತ್ತಲು ಬೇಕು. ಚಾಳಿನಲ್ಲಿ ಹಗಲು ಬಾಗಿಲು ಹಾಕುವ ಪದ್ಧತಿ ಇರಲಿಲ್ಲ. ಹಾಕಿದರೆ ಯಾರೋ ಸತ್ತಿದ್ದಾರೆ ಎಂದು ನಾಲ್ಕು ಜನ ಬಂದು ಬಡಿಯುತ್ತಿದ್ದರು.

ಅದಕ್ಕೆ ಯಜಮಾನರು ಮಟಮಟ ಮಧ್ಯಾಹ್ನ ಶೀಶೆ ಹಿಡಿದು ನನ್ನ ತವರಿನ ಕೌದಿಯೊಳಗೆ ಹೊಕ್ಕರು. "ನೀನೂ ಬಾ, ನನ್ನ ಕಣ್ಣು ನನಗ ನಂಬಿಕಿ ಇಲ್ಲ" ಎಂದು ನನ್ನನ್ನೂ ಎಳೆದರು. ಒಳಗೆ ಬೆವರು, ವಾರ್ನಿಶ್, ಕೆಮ್ಮು. ಅದರ ನಡುವೆ ನೀಲಿಯಾಗಿ ಏನೋ ಮಿಣುಕಿತು.

"ಕಾಣಾಕತ್ತೈತಿ! ಕಾಣಾಕತ್ತೈತೇನ?" ಎಂದು ಇವರು ಕೂಗಿದರು.

"ಹೂಂ, ಕಾಣಾಕತ್ತೈತ್ರಿ!" ಎಂದು ನಾನೂ ಕೂಗಿದೆ.

ಪಕ್ಕದ ಖೋಲಿಯ ಮರಾಠಿ ಕಾಕು ಸಕ್ಕರೆ ಕೇಳಲು ಬಂದಿದ್ದರು. ಬಂದವರು ಕೌದಿಯಿಂದ ಹೊರಗಿದ್ದ ನಾಲ್ಕು ಪಾದ ನೋಡಿ ಬಂದ ಹೆಜ್ಜೆಯಲ್ಲೇ ತಿರುಗಿ ಹೋದರು.

ತಿಂಗಳ ಮೇಲೆ ಒಂದು ದಿನ ಕಾಕು ಸೆರಗಿನ ತುಂಬ ನೆಲ್ಲಿಕಾಯಿ ತಂದು ನನ್ನ ಮಡಿಲಿಗೆ ಸುರಿದು, ಗಲ್ಲ ಹಿಡಿದು, "ಹುಳಿ ತಿನ್ನಬೇಕು ಅನಿಸುತ್ತಾ?" ಎಂದರು. ನನಗೆ ಹಿಂದೆ ಒಂದು ಕೂಸು ಹುಟ್ಟಿ ಹೆಸರಿಡುವ ಮೊದಲೇ ಹೋಗಿತ್ತು. ಕಾಕುವಿಗೆ ಅದು ಗೊತ್ತಿತ್ತು, ಅದಕ್ಕೇ ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೌದಿಯೊಳಗೆ ನಾವು ನೋಡಿದ್ದು ಗಣಪತಿಯ ಬಣ್ಣ ಎಂದು ಹೇಳಿದರೆ ನಂಬುವವರು ಯಾರು?

ನೆಲ್ಲಿಕಾಯಿಗೆ ಉಪ್ಪು ಖಾರ ಹಾಕಿದೆ. ಆ ತಿಂಗಳು ನಮಗೆ ಅದೇ ಪಲ್ಯ, ಅದೇ ಸಾರು.

ಪಾನ್

ಇವರು ಒಂದು ಗಣಪತಿಗೆ ಬಣ್ಣ ಬಳಿದು ಬಟ್ಟೆಯಲ್ಲಿ ಸುತ್ತಿ, ಲೋಕಲ್ ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ದಾದರಿನ ವ್ಯಾಪಾರಿಯ ಹತ್ತಿರ ಹೋದರು. ಅಂಗಡಿಯ ಹಿಂದಿನ ಕತ್ತಲ ಗೋದಾಮಿನಲ್ಲಿ ಬಟ್ಟೆ ಬಿಚ್ಚಿದರು. ವ್ಯಾಪಾರಿ ಕೈ ಮುಗಿದ. ಒಂದು ಪಾನ್ ಬಾಯಿಗೆ ಹಾಕಿಕೊಂಡ. ಅಗಿದು ಉಗುಳಿ ಬರುವಷ್ಟರಲ್ಲಿ ಗಣಪತಿ ಆರಿಹೋಗಿದ್ದ.

"ಭಕ್ತ ಊಟ ಮಾಡಿ, ಹಾಸಿಗೆ ಹಾಸಿ, ನಿದ್ದೆ ಹತ್ತುವವರೆಗೂ ದೇವರು ಕಾಣಬೇಕು. ಬರುವ ಶುಕ್ರವಾರ ಅಂಥದ್ದು ತಂದರೆ ಮಾಲು ತಗೋತೀನಿ. ಇಲ್ಲದಿದ್ದರೆ ಬರಬೇಡಿ" ಎಂದನಂತೆ.

ಇವರು ಮುಖ ಸಣ್ಣದು ಮಾಡಿಕೊಂಡು ಬಂದು ಗಣಪತಿಯನ್ನು ಮೂಲೆಯಲ್ಲಿಟ್ಟು ಹೇಳಿದರು: "ಆ ಮನಶ್ಯಾಗ ಭಕ್ತರ ಬಗ್ಗೆ ಏನೂ ಗೊತ್ತಿಲ್ಲ. ನಮ್ಮ ಚಾಳಿನ್ಯಾಗ ಹಾಸಿಗಿ ಮುಟ್ಟಿದ ಕೂಡಲೇ ಎಲ್ಲಾರೂ ಗೊರಕಿ ಹೊಡೀತಾರ. ಪಾನ್ ತಿನ್ನೂವಷ್ಟು ಹೊತ್ತು ಎಚ್ಚರ ಇರೋ ಭಕ್ತ ಯಾರದಾನ?"

ಗುರುವಾರ

ಅಷ್ಟರಲ್ಲಿ ಯುದ್ಧ ಶುರುವಾಯಿತು. ಶತ್ರುವಿನ ವಿಮಾನಕ್ಕೆ ಕಾಣಬಾರದೆಂದು ಸಂಜೆಯಾದರೆ ಊರಿಗೆ ಊರೇ ಕತ್ತಲು. ಕಿಟಕಿಗಳಿಗೆ ಕಪ್ಪು ಕಾಗದ. ಪಕ್ಕದ ಬಿಲ್ಡಿಂಗಿನ ಒಬ್ಬ ಗುಮಾಸ್ತ ನಮ್ಮ ಗಲ್ಲಿಗೆ ವಾರ್ಡನ್ ಆದ. ತಲೆಗೆ ಕಬ್ಬಿಣದ ಟೊಪ್ಪಿಗೆ, ಕೈಯಲ್ಲಿ ಟಾರ್ಚು, ಬಾಯಲ್ಲಿ ಸೀಟಿ. ಎಲ್ಲಿ ಸಂದಿಯಲ್ಲಿ ಬೆಳಕು ಕಂಡರೂ "ದಿವಾ ಬಂದ್ ಕರಾ! ದೀಪ ಆರಿಸಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ.

ಇವರು ಉಳಿದಿದ್ದ ಚಿಪ್ಪು, ಗಂಧಕ ಎಲ್ಲ ಸುರಿದು ಕಡೆಯ ಸಲ ಸುಟ್ಟರು. ಅದು ಮುಗಿದರೆ ಮತ್ತೆ ತರಲು ಕೈಯಲ್ಲಿ ಏನೂ ಇರಲಿಲ್ಲ. ಬಿಳಿ ಪುಡಿ ನುಣ್ಣಗೆ ಬಂತು. ಅದನ್ನು ಡಬ್ಬಿಗೆ ತುಂಬಿ ಗೋಡೆಯ ಫಳಿಯ ಮೇಲಿಟ್ಟು ವಾರ್ನಿಶ್ ತರಲು ಹೋದರು. ನಾನು ನಳದ ಸಾಲಿನಲ್ಲಿದ್ದೆ.

ಅಂದು ಮಾರ್ಗಶಿರದ ಗುರುವಾರ. ಕಾಕುವಿನ ಮನೆಯಲ್ಲಿ ಲಕ್ಷ್ಮಿಯ ವ್ರತ. ರಂಗೋಲಿ ಪುಡಿ ತೀರಿತ್ತು. ನಮ್ಮಲ್ಲಿ ಇಲ್ಲದ್ದನ್ನು ಅವರ ಮನೆಯಿಂದ, ಅವರಲ್ಲಿ ಇಲ್ಲದ್ದನ್ನು ನಮ್ಮ ಮನೆಯಿಂದ ಕೇಳದೆ ತೆಗೆದುಕೊಳ್ಳುವುದು ರೂಢಿ. ಕಾಕು ಬಂದರು, ಡಬ್ಬಿ ತೆಗೆದುಕೊಂಡರು. ಮುಳುಗುವ ಬಿಸಿಲಿನಲ್ಲಿ ಅಂಗಳದ ತುಂಬ ದೊಡ್ಡ ಕಮಲ ಬಿಡಿಸಿದರು. ಗಲ್ಲಿಯ ಗೇಟಿನಿಂದ ತಮ್ಮ ಬಾಗಿಲವರೆಗೆ ಲಕ್ಷ್ಮಿಯ ಪುಟ್ಟ ಪಾದಗಳನ್ನೂ ಬಿಡಿಸಿದರು.

ಕತ್ತಲಾಯಿತು. ಅಂಗಳ ನೀಲಿಯಾಗಿ ಉರಿಯತೊಡಗಿತು.

ವಾರ್ಡನ್ ಸೀಟಿ ಊದುತ್ತ ಓಡಿ ಬಂದ. "ದಿವಾ ಬಂದ್ ಕರಾ!"

"ದೀಪ ಅಲ್ಲಪ್ಪಾ, ರಂಗೋಲಿ" ಎಂದರು ಕಾಕು.

"ಹಾಗಾದರೆ ರಂಗೋಲಿ ಬಂದ್ ಮಾಡಿ!"

ಅವನು ಬಗ್ಗಿ ಟಾರ್ಚು ಹಾಕಿ ನೋಡಿದ. ಬೆಳಕು ಕುಡಿದು ಕಮಲ ಇನ್ನಷ್ಟು ಹೊಳೆಯಿತು. ಹೆದರಿ ಟಾರ್ಚು ಆರಿಸಿದ. "ಪಾದಗಳು ನೋಡಿ! ವಿಮಾನದವರಿಗೆ ದಾರಿ ತೋರಿಸಿದ್ದೀರಿ!"

"ಲಕ್ಷ್ಮಿಗೆ ತೋರಿಸಿದ್ದು" ಎಂದರು ಕಾಕು. ಪೂಜೆ ಆಗದೆ ಅಳಿಸಲು ಬಿಡೆನೆಂದು ಕಮಲದ ಅಂಚಿನಲ್ಲಿ ಅಡ್ಡ ನಿಂತರು. ಯಾರೋ ಒಂದು ಕೊಡ ನೀರು ಎರಚಿದರು. ರಂಗೋಲಿ ಆರಲಿಲ್ಲ, ಅಂಗಳದ ತುಂಬ ಹರಡಿತು. ಜೊತೆಗೆ ಆ ಕೊಳೆತ ವಾಸನೆ ಎದ್ದಿತು. "ಗ್ಯಾಸ್! ಗ್ಯಾಸ್ ಬಿಟ್ಟರು!" ಎಂದು ಮೇಲಿನ ಗ್ಯಾಲರಿಯಲ್ಲಿ ಹೆಂಗಸರು ಕಿರುಚಿದರು.

ಅದೇ ಹೊತ್ತಿಗೆ ಸೈರನ್ ಕೂಗಿತು. ಹಾಸಲು ಹೊದಿಸಲು ಏನನ್ನೂ ತರುವ ಸಮಯವಿರಲಿಲ್ಲ. "ಕೂತುಕೊಳ್ಳಿ! ಎಲ್ಲರೂ ಇದರ ಮೇಲೆ ಕೂತುಬಿಡಿ!" ಎಂದು ವಾರ್ಡನ್ ಅಪ್ಪಣೆ ಮಾಡಿದ. ಸೇಠ್ ಕೂತ, ಬ್ಯಾಚಲರ್‌ಗಳು ಕೂತರು, ಹೆಂಗಸರು ಸೆರಗು ಹರಡಿ ಕೂತರು. ನಟ್ಟನಡುವೆ ಕಮಲದ ಮೇಲೆ ಕಬ್ಬಿಣದ ಟೊಪ್ಪಿಗೆಯ ವಾರ್ಡನ್ ತಾನೇ ಚಕ್ಕಳಮಕ್ಕಳ ಹಾಕಿದ. ಸಾಯುವುದಿದ್ದರೆ ಹೀಗೇ ಸಾಯಬೇಕಾಯಿತಲ್ಲ ಎಂದುಕೊಂಡೆ.

ಯಜಮಾನರು ಬಂದದ್ದು ಆಗಲೇ. ಕೈಯಲ್ಲಿ ವಾರ್ನಿಶ್ ಡಬ್ಬಿ. ಜನರ ಸಂದಿಯಲ್ಲಿ ನೀಲಿ ಬೆಳಕು ಕಂಡರು, ನನ್ನ ಮುಖ ನೋಡಿದರು. ಗೋಡೆಗೆ ಒರಗಿ ಕೂತರು. ನಾನು ಆ ಕ್ಷಣವೇ ಮನಸ್ಸಿನಲ್ಲಿ ಅತ್ತಿಗೆಯ ಅಡುಗೆಮನೆಯಲ್ಲಿ ಹಿಟ್ಟು ನಾದಿದೆ.

ಅಪಾಯ ಕಳೆದ ಸೈರನ್ ಆಯಿತು. ವಾರ್ಡನ್ ಎದ್ದು ಇವರ ಹತ್ತಿರ ಬಂದು, "ನಾಳೆ ಈ ಭಟ್ಟಿ ಇಲ್ಲಿ ಕಂಡರೆ ಪೊಲೀಸರಿಗೆ ಕೊಡುತ್ತೇನೆ" ಎಂದ. ಸೇಠ್ ಒದ್ದೆ ಧೋತರ ಹಿಂಡುತ್ತ, "ಖೋಲಿಯನ್ನೂ ಖಾಲಿ ಮಾಡಿ" ಎಂದ. ಕಾಕು ನನ್ನ ಕೈ ಹಿಡಿದು ಗೊಳೋ ಎಂದು ಅತ್ತರು.

ವಾರ್ಡನ್ ಏನಾದರೂ ಅಂಟಿದೆಯೋ ಎಂದು ಸೊಂಟ ತಿರುಗಿಸಿ ತನ್ನ ಹಿಂಭಾಗಕ್ಕೆ ತಾನೇ ಟಾರ್ಚು ಬಿಟ್ಟು ನೋಡಿಕೊಂಡ. ಬೆಳಕಿನಲ್ಲಿ ಬರೀ ಬಿಳಿ ಕೆಸರು ಕಂಡಿತು. ಸಮಾಧಾನವಾಗಿ ಟಾರ್ಚು ಆರಿಸಿ ಗಲ್ಲಿಗೆ ಇಳಿದ.

ಕತ್ತಲ ರಸ್ತೆಯಲ್ಲಿ ವಾರ್ಡನ್ ಕಾಣಲಿಲ್ಲ. ಅವನ ಕುಂಡಿ ಮಾತ್ರ ನೀಲಿಯಾಗಿ ನಡೆದುಹೋಗುತ್ತಿತ್ತು.

ಎದುರು ಬಿಲ್ಡಿಂಗಿನಿಂದ ಯಾರೋ ಕೂಗಿದರು: "ದಿವಾ ಬಂದ್ ಕರಾ!" ಪಕ್ಕದ ಚಾಳೂ ಕೂಗಿತು. ವಾರ್ಡನ್ ಗಕ್ಕನೆ ನಿಂತು ಸೀಟಿ ಊದಿದ. "ಯಾರದು ದೀಪ? ಎಲ್ಲಿದೆ?" ಎಂದು ಸುತ್ತ ತಿರುಗಿದ. ಅವನು ತಿರುಗಿದಂತೆ ಬೆಳಕೂ ತಿರುಗಿತು. ಮತ್ತೆ ತಿರುಗಿದ. ಇಡೀ ಗಲ್ಲಿ ಬೈಯುತ್ತಿತ್ತು, ಅವನೂ ಗಲ್ಲಿಯ ಜೊತೆ ಸೇರಿ ಬೈಯುತ್ತ ಬೆಳಕು ಹುಡುಕುತ್ತ ನಡೆದ.

ಯಜಮಾನರು ಗೇಟಿನ ಸರಳು ಹಿಡಿದು ಕೆಮ್ಮು ಬರುವವರೆಗೆ ನಕ್ಕರು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಗು ನಿಲ್ಲಿಸಿ, ನನ್ನ ರಟ್ಟೆ ಹಿಡಿದು, ಕಣ್ಣು ಕೀಲಿಸಿ ನೋಡುತ್ತ ನಿಂತರು. ವಾರ್ಡನ್ ಗಲ್ಲಿ ದಾಟಿದ, ಹಿಟ್ಟಿನ ಗಿರಣಿ ದಾಟಿದ, ಸ್ಟೇಷನ್ ರಸ್ತೆಗೆ ಹೊರಳಿದ.

"ನೋಡ," ಎಂದರು ಮೆಲ್ಲಗೆ, "ಇನ್ನೂ ಆರಿಲ್ಲ."